ಶಟಲ್‌ಗಳು ಮ್ಯೂಸಿಯಂ ಸೇರಿದ ಮೇಲೂ ಚಳ್ಳಕೆರೆಯಲ್ಲಿ ರೆಕ್ಕೆಯ ನೌಕೆ ಇಳಿಯುವುದೇಕೆ?

ಓದುಗರ ಪ್ರಶ್ನೆ: ಒಂದೇ ನೌಕೆಯನ್ನು ಮತ್ತೆ ಮತ್ತೆ ಹಾರಿಸಿದರೆ ಅಗ್ಗ ಅಂತ ಅಮೆರಿಕದವರು ಸ್ಪೇಸ್ ಶಟಲ್ ಮಾಡಿದರು. 2011ರಲ್ಲಿ ಎಲ್ಲವನ್ನೂ ಮ್ಯೂಸಿಯಂಗೆ ಕಳಿಸಿಬಿಟ್ಟರು. ಅವರು ಬೇಡ ಅಂತ ಬಿಟ್ಟ ರೆಕ್ಕೆಯ ನೌಕೆಯನ್ನು ಇಸ್ರೋದವರು ನಮ್ಮ ಚಳ್ಳಕೆರೆ ಕಾವಲಿನಲ್ಲಿ ಯಾಕೆ ಇಳಿಸ್ತಿದ್ದಾರೆ ಸಾರ್? ಹಳೇದನ್ನೇ ಕಾಪಿ ಹೊಡೀತಿದ್ದಾರಾ?

ಉತ್ತರ: ಕಾಪಿ ಅಲ್ಲ. ಅಮೆರಿಕದವರು ಮರುಬಳಕೆ ಬಿಟ್ಟರು ಅನ್ನುವುದೂ ಸರಿಯಲ್ಲ. ಈಗ ಅಲ್ಲಿ ಮೇಲೇಳುವ ರಾಕೆಟ್‌ಗಳಲ್ಲಿ ಹೆಚ್ಚಿನವು ಹಿಂದೊಮ್ಮೆ ಹಾರಿ ಬಂದವೇ. ವಾಪಸ್ ಬರುವುದನ್ನು ಶಟಲ್ ಚೆನ್ನಾಗಿಯೇ ಕಲಿತಿತ್ತು. ಬಂದ ಮೇಲೆ ಮತ್ತೆ ಹೊರಡುವುದರಲ್ಲಿ ಸೋತಿತು.

ಬೋರ್‌ವೆಲ್ ಲಾರಿ ಇಟ್ಟವರಿಗೆ ಈ ಲೆಕ್ಕ ಬೇಗ ಹೊಳೆಯುತ್ತದೆ. ಲಾರಿ, ಕಂಪ್ರೆಸರ್, ರಾಡು ಎಲ್ಲ ಪಾಯಿಂಟಿಗೂ ಅವೇ. ಕೇಸಿಂಗ್ ಪೈಪ್ ಮಾತ್ರ ನೆಲದಲ್ಲೇ ಉಳಿಯುತ್ತದೆ, ಅದರ ದುಡ್ಡು ಬೇರೆ. ಆದರೆ ಒಂದು ಪಾಯಿಂಟ್ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಇಡೀ ಲಾರಿ ಬಿಚ್ಚಿ ಎರಡು ತಿಂಗಳು ಗ್ಯಾರೇಜಿನಲ್ಲಿ ಮಲಗಿಸಬೇಕು ಅಂದರೆ? ಶಟಲ್‌ನ ಪಾಡು ಅದಾಗಿತ್ತು.

1981ರ ಏಪ್ರಿಲ್ 12ರಂದು ಕೊಲಂಬಿಯಾ ಮೊದಲ ಸಲ ಹಾರುವ ಹೊತ್ತಿಗೆ ವರ್ಷಕ್ಕೆ ಹತ್ತಾರು ಹಾರಾಟದ ಆಸೆ ಇತ್ತು. ಅತಿ ಹೆಚ್ಚು ಹಾರಿದ 1985ರಲ್ಲೂ ಆದದ್ದು 9. ಅದೇ ವರ್ಷ ಅಟ್ಲಾಂಟಿಸ್ ಒಂದು ಉಡಾವಣೆಯಾದ 54 ದಿನಕ್ಕೆ ಮತ್ತೆ ಎದ್ದಿತು. ಶಟಲ್ ಚರಿತ್ರೆಯಲ್ಲಿ ಅದೇ ದಾಖಲೆ. 30 ವರ್ಷದಲ್ಲಿ ಐದು ನೌಕೆ ಸೇರಿ 135 ಹಾರಾಟ. ಒಂದೊಂದೂ 100 ಸಲ ಹಾರಲೆಂದು ವಿನ್ಯಾಸವಾಗಿತ್ತು. ಎಲ್ಲಕ್ಕಿಂತ ಹೆಚ್ಚು ಹಾರಿದ ಡಿಸ್ಕವರಿಯೇ 39ಕ್ಕೆ ನಿಂತಿತು. ಹಾಗಾಗಿ ಮುದಿಯಾಗಿ ನಿವೃತ್ತಿಯಾದವು ಅನ್ನುವ ಮಾತನ್ನು ಒಪ್ಪುವುದು ಕಷ್ಟ.

ಎರಡು ತಿಂಗಳು ಏನು ಮಾಡುತ್ತಿದ್ದರು? ಹೆಚ್ಚಿನ ಕೆಲಸ ಹೆಂಚಿನದು. ಶಟಲ್‌ನ ಮೈ ಅಲ್ಯೂಮಿನಿಯಂ. ಅದರ ಬಿಸಿ 175 ಡಿಗ್ರಿ ಸೆಲ್ಸಿಯಸ್ ದಾಟಬಾರದು. ವಾತಾವರಣದೊಳಗೆ ನುಗ್ಗುವಾಗ ಹೊಟ್ಟೆಯ ಭಾಗ 1,200 ಡಿಗ್ರಿ ಹತ್ತಿರ ಕಾಯುತ್ತದೆ. ಇವೆರಡರ ನಡುವೆ ಇದ್ದದ್ದು ಸುಮಾರು 24,000 ಸಿಲಿಕಾ ಹೆಂಚು. ಮಂಗಳೂರು ಹೆಂಚಿನಂತೆ ಒಂದೇ ಅಚ್ಚಿನವಲ್ಲ. ಮೈಯ ತಿರುವು ನೋಡಿಕೊಂಡು ಒಂದೊಂದಕ್ಕೂ ಒಂದು ಆಕಾರ, ಒಂದು ನಂಬರು. ಒಡೆದರೆ ಆ ನಂಬರಿನದನ್ನೇ ಹೊಸದಾಗಿ ಕೊರೆಯಬೇಕು. ಹೆಂಚಿನೊಳಗೆ ಶೇ 90ರಷ್ಟು ಬರೀ ಗಾಳಿ, ಅದಕ್ಕೇ ಶಾಖ ಒಳಗಿಳಿಯುವುದಿಲ್ಲ, ಅದಕ್ಕೇ ಪೆಡಸು ಕೂಡ. ನೇರ ಲೋಹಕ್ಕೆ ಅಂಟಿಸಿದರೆ ಲೋಹ ಹಿಗ್ಗಿ ಕುಗ್ಗುವಾಗ ಬಿರುಕು ಬಿಡುತ್ತದೆಂದು ನಡುವೆ ಮೆತ್ತನೆಯ ಫೆಲ್ಟ್ ಪ್ಯಾಡ್ ಇಟ್ಟು ಸಿಲಿಕೋನ್ ಅಂಟು ಹಾಕುತ್ತಿದ್ದರು.

ಇದಕ್ಕಿಂತ ತಾಪತ್ರಯದ್ದು ನೀರು. ಗಾಳಿ ತುಂಬಿದ ಹೆಂಚು ಮಳೆ ನೀರು ಕುಡಿದರೆ ತೂಕ ಏರುತ್ತದೆ, ಮೇಲೆ ಹೋದಾಗ ಆ ನೀರು ಹೆಪ್ಪುಗಟ್ಟಿ ಹೆಂಚನ್ನು ಸೀಳಬಹುದು. ನೀರು ತಡೆಯುವ ರಾಸಾಯನಿಕ ಇತ್ತು, ಆದರೆ ಪ್ರತಿ ಸಲ ಇಳಿಯುವಾಗಿನ ಶಾಖಕ್ಕೆ ಅದು ಸುಟ್ಟುಹೋಗುತ್ತಿತ್ತು. ಆದ್ದರಿಂದ ಹಾರಿ ಬಂದಾಗಲೆಲ್ಲ ಒಂದೊಂದೇ ಹೆಂಚಿನ ಪುಟ್ಟ ತೂತಿಗೆ ಸೂಜಿಯಿಟ್ಟು ಆ ರಾಸಾಯನಿಕವನ್ನು ಮತ್ತೆ ತುಂಬಬೇಕು. 24,000 ಕುರಿಗಳ ಮಂದೆಗೆ ಒಂದೊಂದನ್ನೇ ಹಿಡಿದು ಸೂಜಿ ಹಾಕಿದಂತೆ.

ಹೆಂಚು ಮುಗಿದರೆ ಎಂಜಿನ್. ಹಿಂದಿನ ಮೂರು ಮುಖ್ಯ ಎಂಜಿನ್‌ಗಳನ್ನು ಇಳಿಸಿ ತಪಾಸಣೆ ಮಾಡಬೇಕು. ಕಕ್ಷೆಯಲ್ಲಿ ತಿರುಗಲು ಬಳಸುವ ಸಣ್ಣ ಎಂಜಿನ್‌ಗಳ ಇಂಧನ ಹೈಡ್ರಜೀನ್ ಜಾತಿಯದು, ವಿಷ. ಅದರ ಪೈಪಿಗೆ ಕೈ ಹಾಕುವಾಗ ಮೈತುಂಬ ರಕ್ಷಣಾ ಸೂಟು ಹಾಕಿದವರನ್ನು ಬಿಟ್ಟು ಉಳಿದವರು ಹೊರಗೆ. ಪಕ್ಕದ ಎರಡು ಘನ ಇಂಧನದ ಬೂಸ್ಟರ್‌ಗಳು ಪ್ಯಾರಾಚೂಟ್ ಕಟ್ಟಿಕೊಂಡು ಕಡಲಿಗೆ ಬೀಳುತ್ತಿದ್ದವು. ಹಡಗಿನಲ್ಲಿ ಎಳೆದು ತಂದು, ಉಪ್ಪು ತೊಳೆದು, ಬಿಚ್ಚಿ, ರೈಲಿನಲ್ಲಿ ದೂರದ ಯೂಟಾಕ್ಕೆ ಕಳಿಸಿ ಮತ್ತೆ ತುಂಬಿಸಬೇಕು. 47 ಮೀಟರ್ ಉದ್ದದ ಕಿತ್ತಳೆ ಬಣ್ಣದ ಟ್ಯಾಂಕು ಪ್ರತಿ ಸಲವೂ ಹೊಸದು, ಅದೇ ಕೇಸಿಂಗ್ ಪೈಪು. ಯೋಜನೆಯ ಒಟ್ಟು ಖರ್ಚನ್ನು 135ರಿಂದ ಭಾಗಿಸಿದರೆ ಒಂದು ಹಾರಾಟಕ್ಕೆ 150 ಕೋಟಿ ಡಾಲರ್ ಆಸುಪಾಸು ಬೀಳುತ್ತದೆ.

ದುಡ್ಡೊಂದೇ ಆಗಿದ್ದರೆ ಎಳೆದಾಡಿಕೊಂಡು ಇನ್ನಷ್ಟು ವರ್ಷ ನಡೆಸುತ್ತಿದ್ದರೋ ಏನೋ. ನಿಲ್ಲಿಸುವಂತೆ ಮಾಡಿದ್ದು ಎರಡು ದುರಂತ, 14 ಜೀವ. 1986ರ ಜನವರಿ 28ರ ಚಳಿಯಲ್ಲಿ ಚಾಲೆಂಜರ್‌ನ ಬಲಗಡೆ ಬೂಸ್ಟರ್ ಜೋಡಣೆಯ ರಬ್ಬರ್ ರಿಂಗು ಸೆಟೆದುಕೊಂಡು ಬಿಸಿ ಅನಿಲ ಸೋರಿತು. 73 ಸೆಕೆಂಡಿಗೆ ಎಲ್ಲ ಮುಗಿಯಿತು. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಹಾರಿದ 82ನೇ ಸೆಕೆಂಡಿಗೆ ಟ್ಯಾಂಕಿನ ಮೇಲಿನ ಫೋಮ್ ತುಂಡೊಂದು, ಸುಮಾರು ಮುಕ್ಕಾಲು ಕೆಜಿ, ಎಡ ರೆಕ್ಕೆಯ ಅಂಚಿಗೆ ಬಡಿಯಿತು. ಹದಿನಾರು ದಿನ ಕಕ್ಷೆಯಲ್ಲಿ ಏನೂ ಆಗಲಿಲ್ಲ. ಫೆಬ್ರವರಿ 1ರಂದು ಮರಳುವಾಗ ಆ ತೂತಿನಿಂದ ಬಿಸಿ ಅನಿಲ ಒಳಗೆ ಹೊಕ್ಕಿತು.

ಎರಡಕ್ಕೂ ಬೇರು ಒಂದೇ: ಜನ ಕೂತ ನೌಕೆಯನ್ನು ಟ್ಯಾಂಕಿನ ಪಕ್ಕಕ್ಕೆ ಕಟ್ಟಿದ್ದು. ಮೇಲಿನಿಂದ ಏನು ಕಳಚಿದರೂ ನೌಕೆಯ ಮೇಲೇ ಬೀಳಬೇಕು. ಕೆಳಗೆ ಬೆಂಕಿ ಬಿದ್ದರೆ ಜನರನ್ನು ಕಿತ್ತುಕೊಂಡು ಹಾರುವ ವ್ಯವಸ್ಥೆಗೆ ಜಾಗವಿಲ್ಲ. ಇದು ರಿಪೇರಿಯಿಂದ ಸರಿಹೋಗುವ ದೋಷವಲ್ಲ. 2004ರ ಜನವರಿಯಲ್ಲಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಕಟ್ಟಿ ಮುಗಿಸಿ ಶಟಲ್ ನಿಲ್ಲಿಸುವುದೆಂದು ಘೋಷಣೆಯಾಯಿತು. 2011ರ ಜುಲೈ 21ರಂದು ಅಟ್ಲಾಂಟಿಸ್ ಕೊನೆಯ ಸಲ ಇಳಿಯಿತು. ಅಲ್ಲಿಂದ 2020ರ ಮೇ 30ರವರೆಗೆ ಅಮೆರಿಕದವರು ನಿಲ್ದಾಣಕ್ಕೆ ಹೋಗಬೇಕಾದರೆ ರಷ್ಯಾದ ಸೋಯುಜ್‌ನಲ್ಲಿ ಸೀಟು ಕೊಳ್ಳಬೇಕಿತ್ತು.

ಶಟಲ್‌ಗೆ ಮಾಡಿದ ಎಂಜಿನ್‌ಗಳಲ್ಲಿ 16 ಉಳಿದವು. ಚಂದ್ರನ ಕಡೆಗಿನ ಎಸ್‌ಎಲ್‌ಎಸ್ ರಾಕೆಟ್‌ಗೆ ಅವನ್ನೇ ನಾಲ್ಕು ನಾಲ್ಕಾಗಿ ಹಾಕಿ, 2022ರ ನವೆಂಬರ್‌ನ ಆರ್ಟೆಮಿಸ್-1ರಲ್ಲಿ ಮೊದಲ ನಾಲ್ಕನ್ನು ಕಡಲಿಗೆ ಬಿಟ್ಟರು. ಮರುಬಳಕೆಗೆಂದೇ ಮಾಡಿ, ಹಲವು ಸಲ ಹಾರಿ ಬಂದ ಎಂಜಿನ್ನು ಹೀಗೆ ಬಿಸಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ಗೆದ್ದಿರುವ ಮರುಬಳಕೆ ಬೇರೆ ಥರದ್ದು. ಕಕ್ಷೆಯಲ್ಲಿರುವ ನೌಕೆಯ ವೇಗ ಸೆಕೆಂಡಿಗೆ 7.8 ಕಿಮೀ. ರಾಕೆಟ್‌ನ ಮೊದಲ ಹಂತ ಕಳಚಿಕೊಳ್ಳುವಾಗಿನ ವೇಗ ಸೆಕೆಂಡಿಗೆ ಸುಮಾರು 2 ಕಿಮೀ. ವೇಗ ನಾಲ್ಕನೇ ಒಂದು, ಆದರೆ ಶಕ್ತಿ ಹೋಗುವುದು ವೇಗದ ವರ್ಗದ ಲೆಕ್ಕದಲ್ಲಿ. ಕಳೆದುಕೊಳ್ಳಬೇಕಾದ ಶಕ್ತಿ ಕೆಜಿಗೆ ಹದಿನೈದು ಪಾಲು ಕಡಿಮೆ. ಹಾಗಾಗಿ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್‌ನ ಮೊದಲ ಹಂತಕ್ಕೆ ಹೆಂಚೂ ಬೇಡ, ರೆಕ್ಕೆಯೂ ಬೇಡ. ಒಂಬತ್ತು ಎಂಜಿನ್‌ಗಳಲ್ಲಿ ಮೂರನ್ನು ಉರಿಸಿ ವೇಗ ತಗ್ಗಿಸುತ್ತದೆ, ಜಾಲರಿಯಂಥ ನಾಲ್ಕು ಫಿನ್‌ಗಳಿಂದ ದಿಕ್ಕು ಹಿಡಿಯುತ್ತದೆ, ಕೊನೆಗೆ ಒಂದು ಎಂಜಿನ್ ಉರಿಸಿ ನಾಲ್ಕು ಕಾಲೂರಿ ನಿಲ್ಲುತ್ತದೆ. ಇಳಿಯಲು ಇಂಧನ ಉಳಿಸಿಕೊಳ್ಳಬೇಕಾದ್ದರಿಂದ ಹೊರುವ ಸರಕು ಕಡಿಮೆಯಾಗುತ್ತದೆ, ಅದು ಕೊಡಲೇಬೇಕಾದ ಬೆಲೆ. ಎರಡನೇ ಹಂತವನ್ನು ಇಂದಿಗೂ ಉಳಿಸಿಕೊಳ್ಳುವುದಿಲ್ಲ. 2015ರ ಡಿಸೆಂಬರ್‌ನಲ್ಲಿ ಮೊದಲ ಸಲ ನೆಲಕ್ಕಿಳಿಯಿತು, 2017ರ ಮಾರ್ಚ್‌ನಲ್ಲಿ ಇಳಿದದ್ದೇ ಮತ್ತೆ ಹಾರಿತು. ಕೆಲವು ಬೂಸ್ಟರ್‌ಗಳು, ಅಂದರೆ ಇಂಥ ಮೊದಲ ಹಂತಗಳು, 30 ಸಲ ದಾಟಿವೆ. 2025ರ ಮಾರ್ಚ್‌ನಲ್ಲಿ ಒಂದು ಬೂಸ್ಟರ್ 9 ದಿನಕ್ಕೇ ಮತ್ತೆ ಹಾರಿತು. ಅಟ್ಲಾಂಟಿಸ್‌ನ 54 ದಿನದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಒಂದು ಕಕ್ಷೆಯಿಂದ ಬಂದದ್ದು, ಇನ್ನೊಂದು ಅರ್ಧ ದಾರಿಯಿಂದ ಬಂದದ್ದು ಅನ್ನುವುದು ಮಾತ್ರ ನೆನಪಿರಲಿ. ಜನರನ್ನು ಒಯ್ಯುವ ಡ್ರ್ಯಾಗನ್ ಕ್ಯಾಪ್ಸೂಲ್ ರಾಕೆಟ್‌ನ ತುದಿಯಲ್ಲಿ ಕೂರುತ್ತದೆ, ಅಪಾಯವಾದರೆ ತನ್ನದೇ ಎಂಟು ಎಂಜಿನ್‌ಗಳಿಂದ ಕಿತ್ತುಕೊಂಡು ಹಾರುತ್ತದೆ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಹೋದದ್ದು ಇದರಲ್ಲೇ. ಎರಡೂ ಹಂತ ವಾಪಸ್ ತರುವ ಗುರಿ ಅದೇ ಕಂಪನಿಯ ಸ್ಟಾರ್‌ಶಿಪ್ ರಾಕೆಟ್‌ನದು. ಅದರ ಕೆಳಹಂತವನ್ನು 2024ರ ಅಕ್ಟೋಬರ್ 13ರಂದು ಗೋಪುರದ ತೋಳುಗಳಲ್ಲೇ ಹಿಡಿದರು. ಮೇಲಿನ ನೌಕೆಗೆ ಮತ್ತೆ ಹೆಂಚು ಬಂದಿದೆ, ಸುಮಾರು 18,000. ಈ ಸಲ ಹೆಚ್ಚಿನವು ಒಂದೇ ಅಚ್ಚಿನ ಆರು ಮೂಲೆಯವು. ಶಟಲ್ ಕಲಿಸಿದ ಪಾಠ.

ಇನ್ನು ಚಳ್ಳಕೆರೆಗೆ ಬರೋಣ. ವರವು ಕಾವಲಿನ ಹತ್ತಿರ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ, ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ, 2.2 ಕಿಮೀ ರನ್‌ವೇ. (ಕುರಿ ಮೇಯಿಸುವವರಿಗೆ ಆ ಬೇಲಿಗಳ ಬಗ್ಗೆ ಹೇಳಲು ಬೇರೆಯೇ ಕಥೆಯಿದೆ. ಅಮೃತಮಹಲ್ ಕಾವಲು ಕೈತಪ್ಪಿದ ಜಗಳ ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತು.) ಇಲ್ಲಿ ಇಸ್ರೋ 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಮೂರು ಸಲ ರೆಕ್ಕೆಯ ನೌಕೆ ಇಳಿಸಿದೆ. ಅದಕ್ಕೆ ಪುಷ್ಪಕ ಎಂದು ಹೆಸರು.

ಕೊನೆಯ ಸಲ ನಡೆದದ್ದು ಹೀಗೆ. ಬೆಳಗಿನ 7.10ಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನೌಕೆಯನ್ನು 4.5 ಕಿಮೀ ಎತ್ತರದಲ್ಲಿ, ರನ್‌ವೇಯಿಂದ 4.5 ಕಿಮೀ ದೂರದಲ್ಲಿ ಬಿಟ್ಟಿತು. ಬೇಕೆಂದೇ ರನ್‌ವೇಯ ನೇರಕ್ಕಿಂತ 500 ಮೀಟರ್ ಪಕ್ಕಕ್ಕೆ ಬಿಟ್ಟದ್ದು. ಗಾಳಿಯೂ ಹಿಂದಿನ ಸಲಕ್ಕಿಂತ ಜೋರಿತ್ತು. ಎಷ್ಟು ದೂರ ಮುಂದೆ ಹೋಗಬೇಕೋ ಅಷ್ಟೇ ಕೆಳಗೂ ಇಳಿಯಬೇಕು. ಪ್ರಯಾಣಿಕರ ವಿಮಾನವಾದರೆ ಆ ಎತ್ತರದಿಂದ ತನ್ನ ಮಾಮೂಲಿ 3 ಡಿಗ್ರಿ ಇಳಿಜಾರಿನಲ್ಲಿ ಬರಲು 85 ಕಿಮೀ ಬೇಕು. ರನ್‌ವೇ ಇನ್ನೂ ಬಹುದೂರ ಇರುವಾಗಲೇ ತಗ್ಗಲು ಶುರು ಮಾಡಬೇಕು. ಪುಷ್ಪಕದ ಗಿಡ್ಡ ರೆಕ್ಕೆ ಬಿಸಿ ತಡೆಯಲು ಮಾಡಿದ್ದು, ತೇಲಲು ಅಲ್ಲ. ಎಂಜಿನ್ ಇಲ್ಲ, ಒಳಗೆ ಪೈಲಟ್ ಇಲ್ಲ. ಅಂದಾಜು ತಪ್ಪಿದರೆ ಒಂದು ಸುತ್ತು ಹೊಡೆದು ಬರುವ ಅವಕಾಶವಿಲ್ಲ. ಎತ್ತರ ಅಳೆಯುವ ರೇಡಾರ್ ಆಲ್ಟಿಮೀಟರ್, ಜಾಗ ತಿಳಿಸುವ ನಮ್ಮ ಉಪಗ್ರಹ ವ್ಯವಸ್ಥೆ ನಾವಿಕ್ ಮುಂತಾದವುಗಳ ಅಳತೆ ಕೂಡಿಸಿಕೊಂಡು ಒಳಗಿನ ಕಂಪ್ಯೂಟರೇ ಓರೆ ಸರಿಪಡಿಸಿ ರನ್‌ವೇಯ ನಡುಗೆರೆಗೆ ತರಬೇಕು.

ನೆಲ ಮುಟ್ಟಿದ ವೇಗ ಗಂಟೆಗೆ 320 ಕಿಮೀ ಮೇಲೆ. ಪ್ರಯಾಣಿಕರ ವಿಮಾನ 260ರ ಆಸುಪಾಸಿನಲ್ಲಿ ಮುಟ್ಟುತ್ತದೆ. ಆ ವೇಗದಲ್ಲಿ ಏನೂ ಮಾಡದೆ ಬಿಟ್ಟರೆ 2.2 ಕಿಮೀ ರನ್‌ವೇ 25 ಸೆಕೆಂಡಿಗೆ ಮುಗಿಯುತ್ತದೆ. ಬರೀ ಬ್ರೇಕ್ ಒತ್ತಿದರೆ ಚಕ್ರ ಸುಡುತ್ತದೆ. ಅದಕ್ಕೆ ಮೊದಲು ಹಿಂದಿನಿಂದ ಬ್ರೇಕ್ ಪ್ಯಾರಾಚೂಟ್. ವೇಗ 100ರ ಹತ್ತಿರಕ್ಕೆ ಬಂದ ಮೇಲೆ ಚಕ್ರದ ಬ್ರೇಕ್. 320ರಿಂದ 100ಕ್ಕೆ ಬರುವಷ್ಟರಲ್ಲಿ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಕಳೆದಿರುತ್ತದೆ, ಬ್ರೇಕಿಗೆ ಉಳಿಯುವುದು ಒಂದೇ ಪಾಲು. ಮುಂದಿನ ಚಕ್ರ ತಿರುಗಿಸಿಕೊಂಡು ನಡುಗೆರೆಯ ಮೇಲೇ ನಿಂತಿತು. ಮಾರ್ಚ್‌ನಲ್ಲಿ ಇಳಿದಿದ್ದ ಅದೇ ಮೈ, ಅದೇ ಉಪಕರಣಗಳನ್ನು ಬದಲಾವಣೆಯಿಲ್ಲದೆ 93 ದಿನದ ಮೇಲೆ ಜೂನ್‌ನಲ್ಲಿ ಹಾರಿಸಿದ್ದರು. ಪತ್ರಿಕೆಗಳಲ್ಲಿ ಫೋಟೊ ದೊಡ್ಡದಾಗಿ ಬಂತು, ಈ ವಿಷಯಕ್ಕೆ ಸಿಕ್ಕಿದ್ದು ಒಂದು ಸಾಲು. ನಮಗೆ ಮುಖ್ಯ ಅನಿಸಿದ್ದು ಆ ಸಾಲೇ.

ಇಷ್ಟಾದರೂ ಕೆಲಸ ಅರ್ಧವೂ ಆಗಿಲ್ಲ. ಕಕ್ಷೆಯ ವೇಗ ಸೆಕೆಂಡಿಗೆ 7,800 ಮೀಟರ್, ಚಳ್ಳಕೆರೆಯಲ್ಲಿ ನೆಲ ಮುಟ್ಟಿದ ವೇಗ 89 ಮೀಟರ್. ಶಕ್ತಿಯ ಲೆಕ್ಕದಲ್ಲಿ ಸುಮಾರು 7,700ರಲ್ಲಿ ಒಂದು ಪಾಲನ್ನು ಮಾತ್ರ ಇಲ್ಲಿ ಪರೀಕ್ಷಿಸಿದಂತಾಯಿತು. ಉಳಿದದ್ದೆಲ್ಲ ಶಾಖವಾಗಿ ಮೈ ಮೇಲೆ ಬರುವಂಥದ್ದು. 2016ರ ಮೇ 23ರಂದು ಶ್ರೀಹರಿಕೋಟಾದಿಂದ ಇಂಥದೇ ರೆಕ್ಕೆಯ ನೌಕೆಯನ್ನು 65 ಕಿಮೀ ಎತ್ತರಕ್ಕೆ ಕಳಿಸಿ, ಶಬ್ದದ ಐದು ಪಟ್ಟು ವೇಗದಲ್ಲಿ ತಂದು, ಬಂಗಾಳ ಕೊಲ್ಲಿಯಲ್ಲಿ ಇಳಿಸಿದ್ದರು. ಕಕ್ಷೆಯ ವೇಗ ಅದರ ಐದು ಪಟ್ಟು ಹತ್ತಿರ. ಮುಂದಿನ ಹೆಜ್ಜೆ ಇನ್ನೂ ದೊಡ್ಡ ನೌಕೆಯನ್ನು ಜಿಎಸ್‌ಎಲ್‌ವಿ ಆಧಾರದ ರಾಕೆಟ್‌ನಲ್ಲಿ ಕಕ್ಷೆಗೇರಿಸಿ, ಅಲ್ಲಿಂದ ತಾನಾಗಿಯೇ ರನ್‌ವೇಗೆ ಇಳಿಸುವುದು.

ಹಾಗಿದ್ದರೆ ಶಟಲ್‌ನ ತಪ್ಪು ಇಲ್ಲಿ ಮರುಕಳಿಸುವುದಿಲ್ಲವೇ? ರೆಕ್ಕೆಯ ನೌಕೆಯನ್ನೇ ಸರಕು ಲಾರಿ ಮಾಡಿದರೆ ಮರುಕಳಿಸುತ್ತದೆ. ಖಾಲಿ ಶಟಲ್ 78 ಟನ್ ಇತ್ತು, ಹೊರುತ್ತಿದ್ದದ್ದು ಹೆಚ್ಚೆಂದರೆ 27. ಉಪಗ್ರಹ ಬಿಟ್ಟು ಬರಲು ಅಷ್ಟು ತೂಕದ ರೆಕ್ಕೆ, ಚಕ್ರ ಮೇಲಕ್ಕೊಯ್ಯುವುದು ದಂಡ. ಆದರೆ ತಿಂಗಳುಗಟ್ಟಲೆ ಕಕ್ಷೆಯಲ್ಲಿದ್ದು, ಪ್ರಯೋಗದ ಸಾಮಾನನ್ನು ಏಟಾಗದಂತೆ ವಾಪಸ್ ತರುವ ಪುಟ್ಟ ನೌಕೆಗೆ ರೆಕ್ಕೆ ತಕ್ಕದ್ದೇ. ಅಮೆರಿಕದ ಸೇನೆ ಆಳಿಲ್ಲದ ಎಕ್ಸ್-37ಬಿ ನೌಕೆಯನ್ನು 2010ರಿಂದ ಹಾರಿಸುತ್ತಲೇ ಇದೆ. ಒಂದು ಸಲ 908 ದಿನ ಮೇಲಿದ್ದು ಇಳಿದಿತ್ತು. ಭಾರ ಹೊರುವ ಕೆಲಸಕ್ಕೆ ಇಸ್ರೋ ಆರಿಸಿಕೊಂಡಿರುವುದು ಫಾಲ್ಕನ್ ದಾರಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಎನ್‌ಜಿಎಲ್‌ವಿ ರಾಕೆಟ್ ಕೆಳ ಕಕ್ಷೆಗೆ 30 ಟನ್ ಒಯ್ಯಬೇಕು, ಮೊದಲ ಹಂತ ಮರುಬಳಕೆಯದು. ಹಣ ₹8,240 ಕೋಟಿ, ಅವಧಿ 96 ತಿಂಗಳು.

ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ, ಪುಷ್ಪಕದಲ್ಲಿ ಮನುಷ್ಯರು ಹೋಗುತ್ತಾರಾ ಅಂತ. ಇಲ್ಲ. ಮನುಷ್ಯರಿಗೆ ಇರುವುದು ಗಗನಯಾನದ ಕ್ಯಾಪ್ಸೂಲ್. ಅದು ರಾಕೆಟ್‌ನ ತುದಿಯಲ್ಲಿ ಕೂರುತ್ತದೆ, ಕಿತ್ತುಕೊಂಡು ಹಾರುವ ಅದರ ವ್ಯವಸ್ಥೆಯನ್ನು 2023ರ ಅಕ್ಟೋಬರ್ 21ರಂದು ಪರೀಕ್ಷಿಸಿದ್ದೂ ಆಗಿದೆ. ಪ್ಯಾರಾಚೂಟ್ ಬಿಚ್ಚಿ ಅದು ಇಳಿಯುವುದು ಕಡಲಿಗೆ, ಚಳ್ಳಕೆರೆಗಲ್ಲ.