ಪಕ್ಕವಾದ್ಯ ಯಾರದು ಎಂದು ಕೇಳಿ

ಪಾಂಡವಪುರದ ಕಡೆಯ ಹುಡುಗನೊಬ್ಬ ಹೋದ ಸುಗ್ಗಿಯಲ್ಲಿ ಪೆನ್‌ಡ್ರೈವ್ ಹಿಡಿದುಕೊಂಡು ಮೈಸೂರಿನ ಸರಸ್ವತಿಪುರಂನ ನಮ್ಮ ಸ್ಟುಡಿಯೋಗೆ ಬಂದ. ಅದರಲ್ಲಿದ್ದದ್ದು ಅವರೂರಿನ ಆಲೆಮನೆಯ ಸದ್ದು. ಗಾಣದ ಮೋಟರು, ಕಬ್ಬು ಸೀಳುವ ಚರಚರ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಲೊಟಲೊಟ, ಒಲೆಗೆ ಒಣ ಸಿಪ್ಪೆ ತಳ್ಳುತ್ತಾ ಯಾರೋ ಗುನುಗುತ್ತಿದ್ದ ಮಾದಪ್ಪನ ಪದ. ಅದನ್ನೆಲ್ಲ ಕತ್ತರಿಸಿ, ಕೆಲವು ಕಡೆ ನಿಧಾನಿಸಿ, ನಡುವೆ ಕಂಸಾಳೆ ಕೂಡಿಸಿ 14 ನಿಮಿಷದ ಒಂದು ಕೃತಿ ಮಾಡಿದ್ದ. ಮಾಸ್ಟರಿಂಗ್, ಅಂದರೆ ಹೊರತರುವ ಮುಂಚೆ ಸದ್ದನ್ನು ಕೊನೆಯ ಸಲ ಹದಮಾಡುವ ಕೆಲಸ, ಮಾಡಿಕೊಡಿ ಅಂದ.

ನಾನು ರೆಕಾರ್ಡಿಸ್ಟ್. ಗದ್ದಲ ಕಂಡರೆ ಒರೆಸುವುದು ಕೈಗೆ ಹತ್ತಿದ ಅಭ್ಯಾಸ. ಮೋಟರಿನ ಗುಂಯ್‌ಗುಡುವಿಕೆ ತೆಗೆದು ಕೇಳಿಸಿದೆ. ಅವನ ಮುಖ ಬಾಡಿತು. ‘ಸಾರ್, ಆಲೆಮನೇನೇ ತೆಗೆದುಬಿಟ್ರಲ್ಲ’ ಅಂದ. ಅವನ ಮಾತು ನಿಜ. ಕಂಸಾಳೆಗೆ ಶ್ರುತಿಯಾಗಿ ನಿಂತಿದ್ದದ್ದೇ ಆ ಮೋಟರು. ಮರಳಿ ಹಾಕಿದೆ. ಹೊರಡುವಾಗ ಅವನು ಕೇಳಿದ: ‘ಇಂಥದ್ದನ್ನ ಬೇರೆ ಯಾರಾದ್ರೂ ಮಾಡ್ತಾರಾ? ಎಲ್ಲಿ ಸಿಗುತ್ತೆ?’

ಪ್ಯಾರಿಸ್ಸಿನ ರೇಡಿಯೋ ಎಂಜಿನಿಯರ್ ಪಿಯರ್ ಶೆಫರ್ 1948ರಲ್ಲೇ ರೈಲು ಎಂಜಿನ್ನುಗಳ ಸದ್ದನ್ನು ಮುದ್ರಿಸಿ, ಜೋಡಿಸಿ ಸಂಗೀತ ಮಾಡಿದ್ದ ಎಂದು ಹೇಳಿದೆ. ಅವನ ಕಣ್ಣು ಅರಳಿತು. ತಾನೊಬ್ಬನೇ ಎಂದುಕೊಂಡಿದ್ದ, ಪಾಪ.

ಈ ಪ್ರಶ್ನೆಯನ್ನು ನನಗೆ ಬಹಳ ಮಂದಿ ಕೇಳುತ್ತಾರೆ. ಹೊಸ ಸಂಗೀತ, ಸಿನಿಮಾದ ಹೊರಗಿನದು, ದೊಡ್ಡ ಕಂಪನಿಗಳ ಹೊರಗಿನದು, ಹುಡುಕುವುದು ಹೇಗೆ? ಆ್ಯಪ್ ತಾನಾಗಿ ತೋರಿಸುತ್ತದಲ್ಲ ಎಂದರೆ, ಅದು ತೋರಿಸುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಮುಖ್ಯವಾಗಿ ಅದು ನೋಡುವುದು ‘ಇದನ್ನು ಕೇಳಿದವರು ಇನ್ನೇನು ಕೇಳಿದರು’ ಎಂಬ ಲೆಕ್ಕವನ್ನು. ಇನ್ನೂ ಯಾರೂ ಕೇಳದ ಹಾಡಿಗೆ ಆ ಲೆಕ್ಕದಲ್ಲಿ ಜಾಗ ಸಿಗುವುದು ಕಷ್ಟ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಕೇಳುವಿಕೆ ಎಂದು ಎಣಿಕೆ. 2024ರಿಂದ, ವರ್ಷಕ್ಕೆ 1,000 ಬಾರಿಯೂ ಕೇಳಿಸಿಕೊಳ್ಳದ ಟ್ರ್ಯಾಕಿಗೆ ಅಲ್ಲಿ ರಾಯಧನವೂ ಇಲ್ಲ. ಮೊದಲ ಎರಡು ನಿಮಿಷ ಬರೀ ಮೋಟರು ಓಡುವ ಆಲೆಮನೆ ಈ ಲೆಕ್ಕದಲ್ಲಿ ಎಲ್ಲಿ ನಿಂತೀತು?

ನನ್ನ ದಾರಿ ಬೇರೆ. ಅದು ಮೈಸೂರಿನವರಿಗೆ ಹೊಸದೂ ಅಲ್ಲ. ಒಂಟಿಕೊಪ್ಪಲಿನ ಗಣೇಶೋತ್ಸವವೋ ಗಾನಭಾರತಿಯ ಕಛೇರಿಯೋ, ಆಹ್ವಾನಪತ್ರಿಕೆ ಕೈಗೆ ಬಂದರೆ ಹಾಡುವವರ ಹೆಸರು ಓದಿದ ಮೇಲೆ ನಾವು ಕೇಳುವ ಎರಡನೇ ಮಾತು ‘ಪಕ್ಕವಾದ್ಯ ಯಾರದು?’ ಘಟಂ ಯಾರದೆಂದು ನೋಡಿ, ಗುರುತೇ ಇಲ್ಲದ ಗಾಯಕರ ಕಛೇರಿಗೆ ಹೋಗಿ ಕೂತವರು ನಮ್ಮಲ್ಲಿ ಕಡಿಮೆಯಿಲ್ಲ. ಆ ಪ್ರಶ್ನೆಯನ್ನು ಎಲ್ಲ ಬಗೆಯ ಸಂಗೀತಕ್ಕೂ ಕೇಳಿ. ನುಡಿಸಿದವರು ಯಾರು, ಮಿಕ್ಸ್ ಮಾಡಿದವರು ಯಾರು, ಹೊರತಂದ ಲೇಬಲ್ ಯಾವುದು? ರಾಕ್, ಜಾಝ್, ಜಾನಪದ ಎಂಬ ಬೇಲಿಗಳನ್ನು ಹಾಡು ಕೇಳುವವರು ಕಾಯುತ್ತಾರೆ. ನುಡಿಸುವವರು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಇರುತ್ತಾರೆ.

ಒಂದು ಎಳೆ ಹಿಡಿದು ನೋಡೋಣ. ಮುಂಬಯಿಯ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಚರಣ್‌ಜೀತ್ ಸಿಂಗ್ 1982ರಲ್ಲಿ ರಾಗಗಳನ್ನು, ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಜರಿಗೂ ತಾಳ ಹುಟ್ಟಿಸುವ ಡ್ರಮ್ ಮೆಷಿನ್ನಿಗೂ ಕೂಡಿಸಿ ಒಂದು ಆಲ್ಬಂ ತಂದರು. ಅಂದು ಯಾರೂ ತಿರುಗಿ ನೋಡಲಿಲ್ಲ. 2010ರಲ್ಲಿ ಅದು ಮರುಬಿಡುಗಡೆಯಾದಾಗ, ಶಿಕಾಗೋದ ಆ್ಯಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತಕ್ಕಿಂತ ಕೆಲವು ವರ್ಷ ಮೊದಲೇ ಹೀಗೆ ಕೇಳಿಸುವ ಕೆಲಸ ಭಾರತದಲ್ಲಿ ಆಗಿತ್ತಲ್ಲ ಎಂದು ಲೋಕ ಬೆರಗಾಯಿತು. ಇಲ್ಲಿ ಸಿಂಥಸೈಜರ್ ಇನ್ನೂ ಮೊದಲು ಯಾರ ಕೈಯಲ್ಲಿತ್ತು ಎಂದು ಹುಡುಕಿದರೆ ಅಹಮದಾಬಾದ್ ಸಿಗುತ್ತದೆ. 1969ರಲ್ಲಿ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಕಂಪನಿಯ ಒಂದು ಸಿಂಥಸೈಜರ್ ಕೂರಿಸಿದರು. ಅಲ್ಲಿ ಭಾರತೀಯರು ಮಾಡಿದ ಪ್ರಯೋಗಗಳ ಟೇಪುಗಳು ದಶಕಗಳ ಕಾಲ ಮರೆಯಲ್ಲಿದ್ದು, 2023ರಲ್ಲಿ ಆಲ್ಬಮ್ಮಾಗಿ ಹೊರಬಂದವು. ಅವುಗಳಲ್ಲಿ ಗೀತಾ ಸಾರಾಭಾಯಿ ಅವರ ಕೆಲಸವೂ ಇದೆ. ಪಖಾವಾಜ್ ನುಡಿಸುತ್ತಿದ್ದ ಇವರೇ 1946ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಪ್ರಯೋಗಶೀಲ ಸಂಗೀತಕಾರ ಜಾನ್ ಕೇಜ್‌ಗೆ ಭಾರತೀಯ ಸಂಗೀತದ ಪಾಠ ಹೇಳಿದವರು. ಸಿನಿಮಾ ಹಾಡಿನ ವಾದಕನಿಂದ ಕೇಜ್‌ವರೆಗೆ ನಾಲ್ಕು ಹೆಸರು, ನಡುವೆ ಎಷ್ಟು ಬಗೆಯ ಸಂಗೀತ!

ಹತ್ತಿರದ್ದೇ ಬೇಕೆಂದರೆ ಬೆಂಗಳೂರಿನ ಜಾನಪದ-ರಾಕ್ ತಂಡ ಸ್ವರಾತ್ಮದ ಗಾಯಕ ವಾಸು ದೀಕ್ಷಿತ್ ‘ಕಲೆಕ್ಟಿವ್’ ಎಂಬ ತಮ್ಮದೇ ಬಳಗದಲ್ಲಿ ಯಾರ ಜೊತೆ ನುಡಿಸುತ್ತಾರೆ ನೋಡಿ, ಅಲ್ಲಿಂದ ಮುಂದೆ ಹೋಗಿ. ಪ್ರಯೋಗ ಎಂದರೆ ಪರದೇಶದ್ದು ಎಂದು ಮೂಗು ಮುರಿಯುವವರಿಗೆ ನಾನು ಪಿಟೀಲು ಚೌಡಯ್ಯನವರನ್ನು ನೆನಪಿಸುತ್ತೇನೆ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಗೆ ಬೆಳೆಸಿದವರು ತಿರುಮಕೂಡಲಿನ ಈ ಮನುಷ್ಯ.

ಕಲಾವಿದರೇ ತಮ್ಮ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣ ಈ ಹುಡುಕಾಟಕ್ಕೆ ಒಳ್ಳೆಯ ಜಾಗ. 2008ರಿಂದ ಇದೆ. ಅಲ್ಲಿ ಆಲ್ಬಮ್ಮಿನ ಕೆಳಗೆ ಅದನ್ನು ಕೊಂಡವರ ಪುಟ್ಟ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಅವರ ಸಂಗ್ರಹ ತೆರೆದುಕೊಳ್ಳುತ್ತದೆ. ನಿಮ್ಮಷ್ಟೇ ಹುಚ್ಚಿರುವ ಒಬ್ಬರ ಕಪಾಟು ಅದು. ನನಗೆ ಸಿಕ್ಕ ಅತ್ಯುತ್ತಮ ಸಂಗೀತದಲ್ಲಿ ಅರ್ಧದಷ್ಟು ಇಂಥ ಗುರುತಿಲ್ಲದವರ ಕಪಾಟಿನಿಂದಲೇ ಬಂದದ್ದು. ಇಷ್ಟವಾದರೆ ಅಲ್ಲೇ ಕೊಳ್ಳಿ. ಡಿಜಿಟಲ್ ಮಾರಾಟದಲ್ಲಿ ತಾಣದ ಪಾಲು ಸಾಮಾನ್ಯವಾಗಿ ನೂರಕ್ಕೆ 15.

ಇನ್ನೊಂದು ಮಾತು, ಸದ್ದಿನ ಕೆಲಸದವನಾಗಿ. ಹೊಸದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ. 100 ಹರ್ಟ್ಸ್‌ಗಿಂತ ಕೆಳಗಿನ ನಾದ ಅದರಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಆಲೆಮನೆಯ ಮೋಟರಿನ ತಳವೆಲ್ಲ ಅಲ್ಲೇ ಇದೆ. ಸಾಧಾರಣ ಹೆಡ್‌ಫೋನ್ ಸಾಕು. ಮೊದಲ ಸಲ ಬೇಸರವಾದರೆ ಒಂದು ವಾರ ಬಿಟ್ಟು ಮತ್ತೆ ಕೇಳಿ. ಆಗಲೂ ಹಿಡಿಸದಿದ್ದರೆ ಸಂಕೋಚಪಡದೆ ಬಿಟ್ಟುಬಿಡಿ.

ಆ ಹುಡುಗನ ಕೃತಿ ಯುಗಾದಿಯ ಹೊತ್ತಿಗೆ ಹೊರಬಂತು. ಪುಟ ತೆರೆದು, ಅಭ್ಯಾಸದಂತೆ, ಕೆಳಗಿನ ಹೆಸರುಗಳನ್ನು ಓದಿದೆ. ಅವನ ಹೆಸರು ಮೂರನೆಯದು. ಕಂಸಾಳೆಯವರದು ಎರಡನೆಯದು. ಎಲ್ಲಕ್ಕಿಂತ ಮೇಲೆ, ಒಲೆಗೆ ಸಿಪ್ಪೆ ತಳ್ಳುತ್ತಾ ಮಾದಪ್ಪನ ಪದ ಗುನುಗಿದವರ ಹೆಸರಿತ್ತು.