ಐಸಿಯುನಲ್ಲಿ ಕೈ ಕಟ್ಟುವ ರೂಢಿ ಎಲ್ಲಿಂದ ಬಂತು?

ಮಂಗಳೂರಿನ ದೊಡ್ಡ ಆಸ್ಪತ್ರೆಗಳ ಐಸಿಯು ಹೊರಗೆ ಕಾಸರಗೋಡು, ಪುತ್ತೂರು, ಮೂಡಿಗೆರೆ ಕಡೆಯಿಂದ ಬಂದವರು ದಿನಗಟ್ಟಲೆ ಬೆಂಚು ಹಿಡಿದು ಕೂತಿರುತ್ತಾರೆ. ಒಳಗೆ ಹೋಗಿ ಬಂದವರ ಬಾಯಲ್ಲಿ ಆಗಾಗ ಕೇಳುವ ಮಾತೊಂದಿದೆ: "ಅಪ್ಪನ ಕೈ ಕಟ್ಟಿ ಹಾಕಿದ್ದಾರೆ ಮಾರಾಯ್ರೆ." ಸಿಸ್ಟರ್ ಹತ್ತಿರ ಕೇಳಿದರೆ, "ಟ್ಯೂಬ್ ಎಳೀತಾರೆ, ಅದಕ್ಕೆ" ಎಂಬ ಉತ್ತರ. ಟ್ಯೂಬ್ ಅಂದರೆ ಉಸಿರಾಟಕ್ಕೆಂದು ಬಾಯಿಯ ಮೂಲಕ ಹಾಕಿದ ಕೊಳವೆ. ಆ ಉತ್ತರ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ.

ರೋಗಿಯನ್ನು ಕಟ್ಟುವುದರ ವಿರುದ್ಧದ ಜಗಳ ಶುರುವಾದದ್ದು ಹುಚ್ಚಾಸ್ಪತ್ರೆಗಳಲ್ಲಿ. ಪ್ಯಾರಿಸ್ಸಿನ ಬಿಸೆತ್ರ್‌ನಲ್ಲಿ ಮೇಲ್ವಿಚಾರಕನಾಗಿದ್ದ ಪ್ಯುಸ್ಸಾಂ 1797ರಲ್ಲಿ ಸರಪಳಿ ತೆಗೆಸಿದ. ಇಂಗ್ಲೆಂಡಿನ ಹ್ಯಾನ್‌ವೆಲ್‌ನಲ್ಲಿ ಜಾನ್ ಕೊನೊಲಿ 1839ರಲ್ಲಿ ಕಟ್ಟುವುದನ್ನೇ ನಿಲ್ಲಿಸಿದ. ಐಸಿಯು ಹುಟ್ಟಿದ್ದು ಅದಾಗಿ ನೂರು ವರ್ಷ ಕಳೆದ ಮೇಲೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ ಉಸಿರಾಟ ನಿಂತವರಿಗೆ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯ ಗಂಟಲಲ್ಲಿ ಕೊಳವೆ ಹಾಕಿಸಿದರು. ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಪಕ್ಕದಲ್ಲಿ ಕೂತು ಕೈಯಿಂದ ಚೀಲ ಒತ್ತಿ ಉಸಿರು ಕೊಟ್ಟರು. ಪೋಲಿಯೊದಲ್ಲಿ ಸೋತ ಕೈಗಳನ್ನು ಕಟ್ಟುವ ಪ್ರಶ್ನೆಯೇ ಇರಲಿಲ್ಲ ಬಿಡಿ. ನನಗೆ ಮುಖ್ಯವಾಗಿ ಕಾಣುವುದು ಹಾಸಿಗೆಗೊಬ್ಬ ಮನುಷ್ಯ ಇದ್ದನೆಂಬುದು. ಮುಂದೆ ಉಸಿರು ಕೊಡುವ ಯಂತ್ರ, ವೆಂಟಿಲೇಟರ್ ಬಂತು, ಪಕ್ಕದವನು ಎದ್ದು ಹೋದ.

ಕಟ್ಟು ಎಂದರೆ ಹೆಚ್ಚಾಗಿ ಮಣಿಕಟ್ಟಿಗೆ ಹತ್ತಿ ಸುತ್ತಿ, ಮೇಲೆ ಬ್ಯಾಂಡೇಜ್ ಬಟ್ಟೆ ಬಿಗಿದು ಮಂಚಕ್ಕೆ ಗಂಟು ಹಾಕುವುದು. ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇರಬೇಕು, ಒಂದೇ ಎಳೆತಕ್ಕೆ ಬಿಚ್ಚುವ ಗಂಟಾಗಿರಬೇಕು. ಮಂಚದ ಚೌಕಟ್ಟಿಗೆ ಕಟ್ಟಬೇಕೇ ಹೊರತು ಪಕ್ಕದ ರೈಲಿಂಗಿಗಲ್ಲ. ರೈಲಿಂಗ್ ಇಳಿಸಿದರೆ ಕೈಯೂ ಎಳೆದುಕೊಂಡು ಹೋಗುತ್ತದೆ. ಆಗಾಗ ಬಿಚ್ಚಿ ಉಗುರಿನ ಬಣ್ಣ, ಬೆರಳಿನ ಬಿಸಿ ನೋಡದಿದ್ದರೆ ಚರ್ಮ ಕಿತ್ತುಬರುತ್ತದೆ, ನರಕ್ಕೆ ಪೆಟ್ಟಾಗುತ್ತದೆ. ಅಲುಗಾಡದೆ ಮಲಗಿದ್ದಕ್ಕೆ ಬೆನ್ನಿನ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ.

ಇದಕ್ಕಿಂತ ದೊಡ್ಡದು ಡೆಲಿರಿಯಂ, ಅಂದರೆ ಹಗಲು ರಾತ್ರಿ ತಿಳಿಯದ ಗಲಿಬಿಲಿ. ವೆಂಟಿಲೇಟರ್‌ನಲ್ಲಿರುವ ಬಹಳ ಮಂದಿಗೆ ಇದು ಬರುತ್ತದೆ. ಕುಡಿತ ಥಟ್ಟನೆ ನಿಂತವರಿಗೆ ಎರಡು-ಮೂರು ದಿನದಲ್ಲಿ ಜೋರಾಗುತ್ತದೆ. ಗಲಿಬಿಲಿ ಆದವರನ್ನು ಕಟ್ಟುತ್ತಾರೆ, ಕಟ್ಟಿದ ಮೇಲೆ ಗಲಿಬಿಲಿ ಹೆಚ್ಚುತ್ತದೆ. ಕನ್ನಡಕ, ಕಿವಿಯ ಮೆಷಿನ್ ಎರಡೂ ಇಲ್ಲದೆ ಮಲಗಿದ ಅಜ್ಜಿಗೆ ಸುತ್ತ ಕೇಳುವುದು ಮಲಯಾಳ, ಇಂಗ್ಲಿಷ್. "ದಾದ ಬೋಡು ಅಮ್ಮಾ?" (ಏನು ಬೇಕು ಅಮ್ಮಾ?) ಎಂದು ತುಳುವಿನಲ್ಲಿ ಕೇಳುವ ಒಬ್ಬರಿದ್ದರೆ ಅರ್ಧ ಒದ್ದಾಟ ಅಲ್ಲೇ ಇಳಿಯುತ್ತದೆ ಎಂದು ನನಗನಿಸುತ್ತದೆ.

ಇಷ್ಟಾಗಿ ಕಟ್ಟಿದರೆ ಟ್ಯೂಬ್ ಉಳಿಯುತ್ತದೆಯೇ? ತಾವಾಗಿ ಟ್ಯೂಬ್ ಎಳೆದುಕೊಂಡವರಲ್ಲಿ ಅನೇಕರ ಕೈ ಆಗ ಕಟ್ಟಿಯೇ ಇತ್ತು ಎಂದು ಒಂದಲ್ಲ, ಹಲವು ಅಧ್ಯಯನಗಳು ಹೇಳಿವೆ. ಹೆಚ್ಚು ಒದ್ದಾಡುವವರನ್ನೇ ಕಟ್ಟುವುದರಿಂದ ಇದನ್ನೇ ಪುರಾವೆ ಎನ್ನಲಾಗದು, ಸರಿ. ಆದರೆ ಅಮೆರಿಕದ ತೀವ್ರನಿಗಾ ತಜ್ಞರ ಸಂಘ 2018ರಲ್ಲಿ ಮಾರ್ಗಸೂಚಿ ಬರೆಯುವಾಗ, ಕಟ್ಟುವುದರಿಂದ ಲಾಭವಿದೆಯೆಂದು ತೋರಿಸುವ ಒಂದೇ ಒಂದು ಯಾದೃಚ್ಛಿಕ ಪ್ರಯೋಗವೂ (ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ ಹೋಲಿಸಿ ನೋಡುವುದು) ಸಿಕ್ಕಿರಲಿಲ್ಲ. ಬ್ರಿಟನ್ನಿನ ಐಸಿಯುಗಳಲ್ಲಿ ಕಟ್ಟುವುದು ಅಪರೂಪ. ಅಲ್ಲಿ ವೆಂಟಿಲೇಟರ್ ರೋಗಿಗೊಬ್ಬ ನರ್ಸ್ ಇರುತ್ತಾರೆ. ನಮ್ಮಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬರೇ ಎರಡು-ಮೂರು ಮಂಚ ನೋಡಬೇಕಾಗಿ ಬಂದಾಗ ಬ್ಯಾಂಡೇಜೇ ಇನ್ನೊಬ್ಬ ಸಿಸ್ಟರ್. ಬೈಯಬೇಕಾದ್ದು ಅವರನ್ನಲ್ಲ.

ಕಾನೂನು ಇದೆ, ಬೇರೆ ಬಾಗಿಲಲ್ಲಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿತು. ಅನಿವಾರ್ಯವಾಗಿ ಕಟ್ಟಿದರೂ ಮನೋವೈದ್ಯರ ಒಪ್ಪಿಗೆ, ದಾಖಲೆ ಬೇಕು, ಇಪ್ಪತ್ನಾಲ್ಕು ಗಂಟೆಯೊಳಗೆ ರೋಗಿಯ ಪ್ರತಿನಿಧಿಗೆ ತಿಳಿಸಬೇಕು ಎಂದಿತು. ಅದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ. ಸಾಮಾನ್ಯ ಐಸಿಯುನಲ್ಲಿ ನಡೆಯುವುದು ಹೆಚ್ಚಾಗಿ ಆಸ್ಪತ್ರೆಯ ಸ್ವಂತ ನಿಯಮ.

ಹಾಗಾಗಿ ಮನೆಯವರೇ ಕೇಳಬೇಕು: ಯಾಕೆ ಕಟ್ಟಿದ್ದು, ಯಾವ ಡಾಕ್ಟರ್ ಬರೆದದ್ದು, ಕೊನೆಗೆ ಬಿಚ್ಚಿ ನೋಡಿದ್ದು ಯಾವಾಗ? ಹೊರಗೆ ಬೆಂಚಿನಲ್ಲಿ ಮೂವರು ಸುಮ್ಮನೆ ಕೂತಿರುವಾಗ ಒಬ್ಬರನ್ನು ಒಳಗೆ ಕೂರಲು ಬಿಡುತ್ತೀರಾ, ಅಷ್ಟು ಹೊತ್ತು ಕಟ್ಟು ತೆಗೆಯಬಹುದಾ ಎಂದೂ ಕೇಳಿ. ನೀವಾಗಿ ಮಾತ್ರ ಬಿಚ್ಚಬೇಡಿ. ಬಿಚ್ಚಿದ ಕೈ ಮೊದಲು ಹೋಗುವುದು ಬಾಯಿಯ ಟ್ಯೂಬಿಗೇ.