ಫರ್ಮ್‌ವೇರ್ ಅಂದ್ರ ಏನು? ಅಂಗಡಿ ಟಿವಿ ಬೆನ್ನಿಗಿರೋ ಡಬ್ಬಿ ಕಥಿ

ಹುಬ್ಬಳ್ಳಿ ಕೊಪ್ಪಿಕರ್ ರೋಡಿನ್ಯಾಗ ಒಂದು ಸೀರಿ ಅಂಗಡಿ, ಒಳಗ ಕಾಲಿಟ್ಟ ಕೂಡ್ಲೇ ಎದುರು ಗ್ವಾಡಿಗೆ ಉದ್ದಕ ನಿಲ್ಲಿಸಿದ ದೊಡ್ಡ ಸ್ಕ್ರೀನ್ ಐತಿ, ಅದರಾಗ ಇಳಕಲ್ ಸೀರಿ ಉಟ್ಟ ಹುಡುಗಿ ಸೆರಗು ಹಾರಿಸ್ಕೋತ ನಡದು ಬರ್ತಾಳ. ಒಂದಿನ ಮುಂಜಾನೆದ್ದು ಸಾವ್ಕಾರ್ರು ಫೋನ್ ಹಚ್ಚಿದ್ರು, "ಏನೋ ತಮ್ಮಾ, ನಿನ್ನೆ ಅದೇನೋ ಅಪ್‌ಡೇಟ್ ಅಂತ ಮಾಡಿ ಹೋದಿ, ಇವತ್ತು ನೋಡಿದ್ರ ಹುಡುಗಿ ಅಡ್ಡ ಮಲಕೊಂಡಾಳಲ್ಲೋ!" ಓಡಿ ಹೋಗಿ ನೋಡಿದ್ರ ಖರೇನ, ಅಪ್‌ಡೇಟ್ ಆದ ಮ್ಯಾಲೆ ರೊಟೇಶನ್ ಸೆಟ್ಟಿಂಗ್ ಫ್ಯಾಕ್ಟರಿಯಿಂದ ಬಂದಾಗ ಹೆಂಗಿತ್ತೋ ಹಂಗ ಆಗಿಬಿಟ್ಟಿತ್ತು, 90 ಡಿಗ್ರಿ ಮಾಡಿದೆ, ಎದ್ದು ನಿಂತಳು. ಆದ್ರ ಸಾವ್ಕಾರ್ರು ಬಿಡ್ತಾರೇನು, "ವಿಡಿಯೋ ಅದ ಐತಿ, ಟಿವಿ ಅದ ಐತಿ, ಮತ್ತ ನೀ ಅಪ್‌ಡೇಟ್ ಮಾಡಿದ್ದು ಏನು?" ಅಂತ ಕೇಳಿದ್ರು. ಅಪ್‌ಡೇಟ್ ಮಾಡಿದ್ದು ಫರ್ಮ್‌ವೇರ್, ಅದರ ಬಗ್ಗೆ ಅವರಿಗೆ ಹೇಳಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ.

ಟಿವಿ ಬರೀ ತೋರಸೂದು ಅಷ್ಟರಿ. ಏನು ತೋರಸಬೇಕು ಅಂತ ಹೇಳೂದು ಅದರ ಬೆನ್ನಿಗೆ ಡಬಲ್ ಟೇಪ್ ಹಚ್ಚಿ ಕೂಡಿಸಿದ ಅಂಗೈ ಅಗಲದ ಡಬ್ಬಿ, ಮೀಡಿಯಾ ಪ್ಲೇಯರ್. ಕೆಲವು ಕಡೆ ಬ್ರೈಟ್‌ಸೈನ್‌ನಂಥಾ ಇದಕ್ಕಂತನ ಮಾಡಿದ್ದು ಇರತೈತಿ, ಕೆಲವು ಕಡೆ ಆಂಡ್ರಾಯ್ಡ್ ಬಾಕ್ಸ್, ಕೈಯಾಗ ವಿದ್ಯಾ ಇದ್ದವರು ರಾಸ್ಪ್‌ಬೆರಿ ಪೈ ಅನ್ನೋ ಸಣ್ಣ ಕಂಪ್ಯೂಟರ್ ಹಾಕ್ತಾರ, ಸ್ಯಾಮ್‌ಸಂಗ್ ಟೈಜನ್ ಇಲ್ಲಾ ಎಲ್‌ಜಿ ವೆಬ್‌ಓಎಸ್ ಡಿಸ್‌ಪ್ಲೇ ಆದ್ರ ಡಬ್ಬಿ ಪ್ಯಾನಲ್ ಒಳಗ ಅಡಗಿ ಕುಂತಿರತೈತಿ. ಯಾವುದ ಇರಲಿ, ಒಳಗ ಮೂರು ಪದರ. ಮ್ಯಾಲಿಂದು ನೀವು ಹಾಕೋ ವಿಡಿಯೋ, ಫೋಟೋ, ರೇಟಿನ ಪಟ್ಟಿ. ಅದರ ಕೆಳಗ ಎಷ್ಟು ಗಂಟೆಗೆ ಯಾವುದು ಬರಬೇಕು ಅಂತ ನೋಡಿಕೊಳ್ಳೋ ಆ್ಯಪ್. ಎಲ್ಲಕ್ಕೂ ತಳಕ ಫರ್ಮ್‌ವೇರ್, ಕರೆಂಟ್ ಬಂದ ಕೂಡ್ಲೇ ಎಲ್ಲಾರಿಗಿಂತ ಮೊದಲು ಎದ್ದು, ಮೆಮೊರಿ ಸರಿ ಐತೋ ಇಲ್ಲೋ, ಟಿವಿಗೆ ಹೋಗೋ ಎಚ್‌ಡಿಎಂಐ ವೈರಿನ ಆ ಕಡೆ ಟಿವಿ ಐತೋ, ಅದು ಎಷ್ಟು ರೆಸಲ್ಯೂಶನ್ ತಗೋತೈತಿ, ನೆಟ್ ಬಂತೋ ಅಂತ ನೋಡಿ ಆಮ್ಯಾಲೆ ಆ್ಯಪ್‌ನ ಎಬ್ಬಸತೈತಿ. ಮುಂಜಾನೆ ಶಟರ್ ಎತ್ತಿ, ಕಸಾ ಹೊಡದು, ಲೈಟ್ ಹಾಕಿ, ಊದಿನಕಡ್ಡಿ ಹಚ್ಚೋ ಹುಡುಗ ಇರ್ತಾನಲ್ಲ ಹಂಗ. ಗಿರಾಕಿ ಬರೋ ಹೊತ್ತಿಗೆ ಅಂವ ಯಾರ ಕಣ್ಣಿಗೂ ಬೀಳಂಗಿಲ್ಲ, ಆದ್ರ ಅಂವ ಬರಲಿಲ್ಲಂದ್ರ ಅಂಗಡೀನ ತೆರಿಯಂಗಿಲ್ಲ.

ಈ ಪದ ಹುಟ್ಟಿದ್ದು 1967ರಾಗ, ಆ್ಯಷರ್ ಓಪ್ಲರ್ ಅನ್ನೋರು ಡೇಟಾಮೇಶನ್ ಅನ್ನೋ ಕಂಪ್ಯೂಟರ್ ಪತ್ರಿಕೆಯೊಳಗ ಬರದ ಲೇಖನದಾಗ. ಅವತ್ತಿನ ಅರ್ಥ ಬ್ಯಾರೆ ಇತ್ತು, ಪ್ರೊಸೆಸರ್ ತನ್ನ ಆಜ್ಞೆಗಳನ್ನ ಹೆಂಗ ನಡಸಬೇಕು ಅಂತ ಹೇಳೋ ಮೈಕ್ರೋಕೋಡ್‌ಗೆ ಹಂಗಂದಿದ್ರು, ಈಗ ಯಂತ್ರದೊಳಗ ಬೇರೂರಿದ ಎಲ್ಲಾ ಪ್ರೋಗ್ರಾಮಿಗೂ ಅದ ಹೆಸರು. ಹಾರ್ಡ್‌ವೇರೂ ಅಲ್ಲ ಸಾಫ್ಟ್‌ವೇರೂ ಅಲ್ಲ, ನಡುವಿಂದು. ಖಡಕ್ ರೊಟ್ಟಿ ಹಾರ್ಡ್‌ವೇರ್, ಬಿಸಿ ರೊಟ್ಟಿ ಸಾಫ್ಟ್‌ವೇರ್ ಅಂತ ತಿಳಕೊಂಡ್ರ ನಿನ್ನಿ ತಂಗಳ ರೊಟ್ಟಿ ಫರ್ಮ್‌ವೇರ್: ಬಗ್ಗತೈತಿ, ಆದ್ರ ಸಾವಕಾಶ ಬಗ್ಗಿಸಬೇಕು.

ಮೊದಲೆಲ್ಲಾ ಇದನ್ನ ರೋಮ್ ಅನ್ನೋ, ಬರೀ ಓದಾಕ ಬರೋ ಚಿಪ್ಪಿನ್ಯಾಗ ಒಮ್ಮೆ ಬರದ್ರ ಮುಗೀತು, ತಪ್ಪಾದ್ರ ಚಿಪ್ ಕಿತ್ತು ಬ್ಯಾರೆ ಹಾಕಬೇಕಿತ್ತು. ಆಮ್ಯಾಲೆ ಇಪ್ರೋಮ್ ಬಂತು, ಅದರ ನೆತ್ತಿ ಮ್ಯಾಲೆ ಗಾಜಿನ ಸಣ್ಣ ಕಿಟಕಿ, ಅಲ್ಟ್ರಾವಯಲೆಟ್ ಲೈಟಿನ ಕೆಳಗ ಹಿಡದ್ರ ಹಳೇದು ಅಳಸ್ತಿತ್ತು. ತೋಶಿಬಾದ ಫುಜಿಯೋ ಮಸುವೋಕಾ 1984ರಾಗ ಜಗತ್ತಿಗೆ ತೋರಿಸಿದ ಫ್ಲ್ಯಾಶ್ ಮೆಮೊರಿ ಬಂದ ಮ್ಯಾಲನ, ಡಬ್ಬಿ ಇದ್ದಲ್ಲೇ ಇರಲಿ ಒಳಗಿಂದು ಅಳಸಿ ಹೊಸಾದು ಬರಿ ಅನ್ನೋದು ಸಲೀಸಾತು. ಅಪ್‌ಡೇಟ್ ಅಂದ್ರ ಇಷ್ಟ, ಅಳಸೂದು, ಬರಿಯೂದು.

ಆದ್ರ ಅಳಸಿ ಬರಿಯೋ ನಡುವ ಕರೆಂಟ್ ಹೋದ್ರ? ಗದಗಿನ ಒಂದು ಖಾನಾವಳಿಯೊಳಗ ಹಿಂಗ ಆತು. ಮಧ್ಯಾಹ್ನ ಮೂರಕ್ಕ ಗದ್ದಲ ಕಡಿಮಿ ಇರತೈತಿ ಅಂತ ಮೆನು ಬೋರ್ಡಿನ ಡಬ್ಬಿಗೆ ಅಪ್‌ಡೇಟ್ ಹಚ್ಚಿದೆ, 60 ಪರ್ಸೆಂಟ್ ತನ ಬಂದಿತ್ತು, ಟಪ್ ಅಂತ ಫ್ಯಾನ್ ನಿಂತ್ವು. ಯುಪಿಎಸ್ ಇತ್ತು, ಆದ್ರ ಬಿಲ್ಲಿಂಗ್ ಕಂಪ್ಯೂಟರಿಗೆ ಅಷ್ಟ, ನಾನ ನೋಡಿರಲಿಲ್ಲ, ತಪ್ಪು ನಂದ. ಕರೆಂಟ್ ಬಂದ ಮ್ಯಾಲೆ ಡಬ್ಬಿ ಬರೀ ಕೆಂಪು ಲೈಟ್ ಮಿಣುಕಿಸ್ಕೋತ ಕುಂತಿತು. ಇದಕ್ಕ ಈ ಧಂದೆದಾಗ 'ಬ್ರಿಕ್ ಆತು' ಅಂತಾರ, ಅಂದ್ರ ಇಟ್ಟಂಗಿ ಆತು ಅಂತ, ಗ್ವಾಡಿ ಕಟ್ಟಾಕ ಮಾತ್ರ ಲಾಯಕ್ಕು. ಪುಣ್ಯಾಕ ಆ ಮಾಡೆಲ್ಲಿಗೆ ರಿಕವರಿ ಇತ್ತು, ಪೆನ್‌ಡ್ರೈವ್‌ನ ಫ್ಯಾಟ್32 ಅನ್ನೋ ನಮೂನಿಗೆ ಫಾರ್ಮ್ಯಾಟ್ ಮಾಡಿ, ಕಂಪನಿ ಕೊಟ್ಟ ಫೈಲ್ ಹಾಕಿ, ರಿಸೆಟ್ ಬಟನ್ ಪಿನ್ನಿಂದ ಒತ್ತಿ ಹಿಡಕೊಂಡು ಪವರ್ ಕೊಟ್ರ ಎದ್ದಿತು. ಅಲ್ಲಿತನಕ ಮಾಲಕರು ಪಾಟಿ ಮ್ಯಾಲೆ ಬಳಪದಿಂದ ಜ್ವಾಳದ ರೊಟ್ಟಿ, ಎಣಗಾಯಿ ಅಂತ ಬರದು ಬಾಗಲಕ್ಕ ಇಟ್ಟಿದ್ರು, ಗಿರಾಕಿ ಒಬ್ರೂ ಕಡಿಮಿ ಆಗಲಿಲ್ಲ ಅನ್ನೋದು ಬ್ಯಾರೆ ಮಾತು.

ಈಗಿನ ಛಲೋ ಡಬ್ಬಿಯೊಳಗ ಈ ಹೆದರಿಕಿ ಕಡಿಮಿ. ಒಂದರ ಬದಲಿ ಎರಡು ಖೋಲಿ ಇರತಾವ, ಎ ಮತ್ತ ಬಿ. ಎ ಒಳಗಿಂದು ನಡೀತಿರಬೇಕಾದ್ರನ ಹೊಸಾದು ಬಿ ಒಳಗ ಹೋಗಿ ಕುಂದರತೈತಿ, ಆಮ್ಯಾಲೆ ಒಂದು ರೀಸ್ಟಾರ್ಟ್, ಹೊಸಾದು ಏಳಲಿಲ್ಲಂದ್ರ ಡಬ್ಬಿ ತಾನ ಹಳೇದಕ್ಕ ಹೊಳ್ಳತೈತಿ. ಆಂಡ್ರಾಯ್ಡ್‌ಗೆ ಇದು 2016ರ ಏಳನೇ ವರ್ಷನ್‌ನ್ಯಾಗ ಬಂತು. ಆದ್ರ ಅಗ್ಗದ ಬಾಕ್ಸಿನ್ಯಾಗ ಇರತೈತಿ ಅಂತ ನಂಬಬ್ಯಾಡ್ರಿ, ಅವರು ಮೆಮೊರಿ ಉಳಸಾಕ ಹೋಗಿ ಒಂದ ಖೋಲಿ ಕಟ್ಟಿರ್ತಾರ.

ಇನ್ನ 'ಇಂಪ್ರೂವ್‌ಮೆಂಟ್' ಅಂದ್ರ ಏನು? ಅಪ್‌ಡೇಟ್ ಜೋಡಿ ಕಂಪನಿ ಕೊಡೋ ರಿಲೀಸ್ ನೋಟ್ ತಗದ್ರ ಅರ್ಧಕ್ಕರ್ಧ ಸ್ಟೆಬಿಲಿಟಿ ಇಂಪ್ರೂವ್‌ಮೆಂಟ್ಸ್ ಅಂತ ಬರದಿರ್ತಾರ, ಓದಿದ್ರೂ ಅಷ್ಟ ಬಿಟ್ರೂ ಅಷ್ಟ. ಕೆಲಸದ ಮಾತು ಅಂದ್ರ ಹಿಂಗಿರತಾವ: ಟಿವಿ ಬಂದ್ ಮಾಡಿ ಚಾಲೂ ಮಾಡಿದ್ರ ಸ್ಕ್ರೀನ್ ಕಪ್ಪಗ ಉಳೀತಿತ್ತು, ಅದು ಸರಿ ಆತು, ಹತ್ತು ದಿನ ಸತತ ನಡದ ಮ್ಯಾಲೆ ಮೆಮೊರಿ ತುಂಬಿ ವಿಡಿಯೋ ಹೆಪ್ಪುಗಟ್ಟತಿತ್ತು, ಅದು ನಿಂತಿತು, ರಾತ್ರಿ ಡಬ್ಬಿನ ಟಿವಿಗೆ ಮಲಕೋ ಅನ್ನೋಹಂಗ ಆತು. ಕೆಲವೊಮ್ಮೆ ಡಬ್ಬಿಯೊಳಗ ಏನೂ ಕೆಟ್ಟಿರಂಗಿಲ್ಲ, ಹೊರಗಿನ ಜಗತ್ತು ಬದಲಾಗಿರತೈತಿ. ವೆಬ್‌ಸೈಟುಗಳಿಗೆ ಸರ್ಟಿಫಿಕೇಟ್ ಅಂದ್ರ ಗುರುತಿನ ಚೀಟಿ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ನೆಚ್ಚಿಕೊಂಡಿದ್ದ ಹಳೇ ರೂಟ್ (ಮೂಲ) ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕ ಮುಗೀತು, ಹೊಸಾದು ಗೊತ್ತಿಲ್ಲದ ಹಳೇ ಡಿವೈಸುಗಳು ಎಷ್ಟೋ ಸರ್ವರ್‌ಗಳನ್ನ 'ನೀ ಯಾರೋ ನನಗ ಗೊತ್ತಿಲ್ಲ' ಅಂತ ಹೊರಗ ನಿಲ್ಲಿಸಿದ್ವು. ಅಂಥಾದ್ದಕ್ಕ ಮದ್ದು ಅಪ್‌ಡೇಟ್ ಒಳಗನ ಬರತೈತಿ.

ಆಗದ ಕೆಲಸಾನೂ ಐತಿ. ಎಚ್.265 ಅಂದ್ರ ವಿಡಿಯೋ ಒತ್ತಿ ಸಣ್ಣದು ಮಾಡೋ ಒಂದು ಪದ್ಧತಿ, ಚಿಪ್ಪಿನೊಳಗ ಅದನ್ನ ಬಿಚ್ಚೋ ಸರ್ಕ್ಯೂಟ್ ಇಲ್ಲಂದ್ರ ಯಾವ ಫರ್ಮ್‌ವೇರ್ ಹಾಕಿದ್ರೂ ಆ 4ಕೆ ವಿಡಿಯೋ ತಡವರಿಸೂದ. "ಅಪ್‌ಡೇಟ್ ಮಾಡಿ ಓಡಸ್ರಿ" ಅನ್ನೋರಿಗೆ ನಾ ವಿಡಿಯೋನ ಹಳೇ ಪದ್ಧತಿ ಎಚ್.264ಕ್ಕ, 4ಕೆಗಿಂತ ಸಣ್ಣ 1080ಪಿ ಅಳತಿಗೆ ಮಾಡಿ ಕೊಡ್ತೀನಿ, ದೂರದಿಂದ ಯಾರಿಗೂ ಫರಕ್ ತಿಳಿಯಂಗಿಲ್ಲ.

ನನ್ನ ಪದ್ಧತಿ ಏನಂದ್ರ, ಹೊಸಾದು ಬಂದ್ರ ಮೊದಲು ಮನ್ಯಾಗಿನ ಒಂದು ಡಬ್ಬಿಗೆ ಹಾಕಿ ವಾರ ನೋಡ್ತೀನಿ, ದೀಪಾವಳಿ ಹಿಂದಿನ ದಿನ ಯಾರ ಡಬ್ಬೀನೂ ಮುಟ್ಟಂಗಿಲ್ಲ, ಮುಟ್ಟೋಕಿಂತ ಮುಂಚೆ ಸೆಟ್ಟಿಂಗ್ ಎಲ್ಲಾ ಮೊಬೈಲಿನ್ಯಾಗ ಫೋಟೋ ಹೊಡಕೋತೀನಿ (ರೊಟೇಶನ್ ಮೊದಲು!), ಮುಗದ ಮ್ಯಾಲೆ ವರ್ಷನ್ ನಂಬರು, ತಾರೀಖು ಬಿಳಿ ಟೇಪಿನ ಮ್ಯಾಲೆ ಬರದು ಡಬ್ಬಿಗೆ ಹಚ್ಚತೀನಿ.

ಸೀರಿ ಅಂಗಡಿ ಸಾವ್ಕಾರ್ರಿಗೆ ಈಗ ಪದ ಬಾಯಿಪಾಠ ಆಗೇತಿ. ಹ್ವಾದ ವಾರ ಮತ್ತ ಫೋನ್ ಮಾಡಿ "ತಮ್ಮಾ, ಫರ್ಮ್‌ವೇರ್ ಹೋಗೇತಿ ಬಾ" ಅಂದ್ರು. ಹೋಗಿ ನೋಡಿದೆ, ಧೂಳಾ ಹೊಡಿಯೋಮುಂದ ಎಚ್‌ಡಿಎಂಐ ವೈರ್ ಕಿತ್ತಿತ್ತು.